ಹಾಸನದಿಂದ ಸಿಂಗಾಪುರಕ್ಕೆ: ಟೇಲರ್ ಸ್ವಿಫ್ಟ್ ನೋಡಲು ಎಂಟು ತಿಂಗಳ ಓಡಾಟ

2024ರ ಮಾರ್ಚ್‌ನಲ್ಲಿ ನಾನು, ನನ್ನ ತಂಗಿ ಸಿಂಗಾಪುರದಿಂದ ವಾಪಸ್ ಬಂದೆವು. ಮಾರ್ಚ್ 3ರ ಭಾನುವಾರ ಅಲ್ಲಿನ ನ್ಯಾಷನಲ್ ಸ್ಟೇಡಿಯಂನಲ್ಲಿ ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್‌ಳ ಎರಾಸ್ ಟೂರ್ ಅನ್ನೋ ಸಂಗೀತ ಕಾರ್ಯಕ್ರಮ ನೋಡಿದೆವು. ನೋಡಿದ್ದು ಮೂರು ಗಂಟೆ ಚಿಲ್ಲರೆ. ಅದಕ್ಕೆ ಓಡಾಡಿದ್ದು ಎಂಟು ತಿಂಗಳು. ಈ ಎಂಟು ತಿಂಗಳಲ್ಲಿ ಟಿಕೆಟ್ ಬಗ್ಗೆ ಹೇಳುವವರು ಸಾಕಷ್ಟು ಜನ ಸಿಕ್ಕರು. ಆದರೆ ನಮ್ಮ ಹೆಸರಿನ ಹಿಂದೆ ಮುಂದೆ ಇರುವ ಒಂದು ಇನಿಷಿಯಲ್ ಇಷ್ಟು ಕಾಡುತ್ತದೆ ಅಂತ ಮೊದಲೇ ಹೇಳುವವರು ಒಬ್ಬರೂ ಸಿಗಲಿಲ್ಲ. ಅದಕ್ಕೇ ಎಲ್ಲವನ್ನೂ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಮುಂದೆ ಯಾವುದೇ ಗಾಯಕರ ಕಾರ್ಯಕ್ರಮಕ್ಕೆ ಹೊರದೇಶಕ್ಕೆ ಹೋಗುವವರಿಗೆ ಇದು ಉಪಯೋಗಕ್ಕೆ ಬರಬಹುದು.

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ತಂಗಿ ಹಾಸನದಲ್ಲಿ ಅಪ್ಪ ಅಮ್ಮನ ಜೊತೆ ಇದ್ದು ಡಿಗ್ರಿ ಓದುತ್ತಿದ್ದಾಳೆ. ಟೇಲರ್ ಹುಚ್ಚು ಅವಳದ್ದು. ಕೋವಿಡ್ ಸಮಯದಲ್ಲಿ ಶಾಲೆ ಮುಚ್ಚಿ, ಗೆಳತಿಯರು ದೂರವಾಗಿ, ಇಡೀ ದಿನ ಒಂದು ಕೋಣೆಯಲ್ಲಿ ಕೂತಿರುತ್ತಿದ್ದಳು. ಮಾತೇ ಕಡಿಮೆಯಾಗಿಬಿಟ್ಟಿತ್ತು. 2020ರಲ್ಲಿ ಟೇಲರ್ ಎರಡು ಆಲ್ಬಮ್ ತಂದಳು, ಜುಲೈನಲ್ಲಿ ಒಂದು, ಡಿಸೆಂಬರಿನಲ್ಲಿ ಒಂದು. ಆ ಎರಡು ಆಲ್ಬಮ್ ಹಿಡಿದುಕೊಂಡು ತಂಗಿ ಆ ವರ್ಷ ದಾಟಿದಳು. ಹಾಡಿನ ಸಾಲುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು, ಗೊತ್ತಿಲ್ಲದ ಪದಕ್ಕೆ ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆಯುತ್ತಿದ್ದಳು. ಆ ನೋಟ್‌ಬುಕ್ ನೋಡಿದ ದಿನವೇ, ಯಾವತ್ತಾದರೂ ಇವಳನ್ನು ಕರೆದುಕೊಂಡು ಹೋಗಬೇಕು ಅಂತ ನನ್ನ ಮನಸ್ಸಿನಲ್ಲಿ ಬಂದಿತ್ತು.

2023ರ ಜೂನ್‌ನಲ್ಲಿ ಸಿಂಗಾಪುರದ ದಿನಾಂಕಗಳು ಬಂದವು. ಮೊದಲು ಮೂರು ದಿನ ಅಂದರು, ಆಮೇಲೆ ಇನ್ನೂ ಮೂರು ಸೇರಿಸಿ ಆರು ಮಾಡಿದರು: ಮಾರ್ಚ್ 2, 3, 4 ಮತ್ತು 7, 8, 9. ಭಾರತ ಪಟ್ಟಿಯಲ್ಲಿ ಇರಲಿಲ್ಲ. ಆಗ್ನೇಯ ಏಷ್ಯಾದಲ್ಲೂ ಸಿಂಗಾಪುರ ಒಂದೇ. ನಮಗೆ ಹತ್ತಿರದ್ದು ಅದೇ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಒಂದು ಹಾಡು ಕೇಳೋಕೆ ಸಿಂಗಾಪುರಕ್ಕೆ ಹೋಗ್ಬೇಕೇನಮ್ಮಾ?" ಅಂದರು. ಬೇಡ ಅನ್ನಲಿಲ್ಲ. ಅಷ್ಟು ಸಾಕಾಗಿತ್ತು.

ಟಿಕೆಟ್ ವಿಷಯಕ್ಕೆ ಬರುತ್ತೇನೆ. ಸುಮ್ನೆ ವೆಬ್‌ಸೈಟ್ ತೆರೆದು ಕೊಳ್ಳುವ ಹಾಗಿರಲಿಲ್ಲ. ಮೊದಲು ಹೆಸರು ನೋಂದಾಯಿಸಬೇಕು, ಆಮೇಲೆ ಮೇಲ್‌ಗೆ ಒಂದು ಕೋಡ್ ಬರಬೇಕು. ಜುಲೈ 5ಕ್ಕೆ ಅಲ್ಲಿನ ಯುಒಬಿ ಬ್ಯಾಂಕ್ ಕಾರ್ಡ್ ಇದ್ದವರಿಗೆ ಮುಂಗಡ ಮಾರಾಟ. ನಮ್ಮಂಥವರಿಗೆ ಜುಲೈ 7, ಶುಕ್ರವಾರ, ಸಿಂಗಾಪುರದ ಸಮಯ ಮಧ್ಯಾಹ್ನ 12 ಗಂಟೆ. ಅಂದರೆ ನಮಗೆ ಬೆಳಿಗ್ಗೆ ಒಂಬತ್ತೂವರೆ. ಈ ಎರಡೂವರೆ ಗಂಟೆಯ ವ್ಯತ್ಯಾಸವನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ನನ್ನ ಸಹೋದ್ಯೋಗಿಯೊಬ್ಬರು ನಮ್ಮ ಸಮಯ 12 ಅಂದುಕೊಂಡು ಆರಾಮಾಗಿ ಕೂತಿದ್ದರು. ಅವರು ಲಾಗಿನ್ ಆಗುವಷ್ಟರಲ್ಲಿ ಏನೂ ಉಳಿದಿರಲಿಲ್ಲ.

ನಾನು ಅರ್ಧ ದಿನ ರಜೆ ಹಾಕಿದ್ದೆ. ಒಂಬತ್ತೂವರೆಗೆ ಸರತಿ ಶುರುವಾಯಿತು. ನನ್ನ ಮುಂದೆ ನಾಲ್ಕು ಲಕ್ಷಕ್ಕಿಂತ ಜಾಸ್ತಿ ಜನ. ಪರದೆ ಮೇಲೆ ಒಂದು ಪಟ್ಟಿ ಮಾತ್ರ ಇರುವೆ ತರ ಮುಂದೆ ಹೋಗುತ್ತಿರುತ್ತದೆ, ನಾವು ಮಾಡುವಂಥದ್ದು ಏನೂ ಇಲ್ಲ. ತಂಗಿ ಹಾಸನದಲ್ಲಿ ಇನ್ನೊಂದು ಖಾತೆಯಿಂದ ಕೂತಿದ್ದಳು. ಫೋನ್ ಸ್ಪೀಕರಿನಲ್ಲಿಟ್ಟು ಇಬ್ಬರೂ ಸುಮ್ಮನೆ ಕೂತಿದ್ದೆವು. ಅವಳ ಕಡೆಯಿಂದ ಅಮ್ಮ ಒಗ್ಗರಣೆ ಹಾಕುವ ಸದ್ದು, ಹಾಲಿನವನ ಗಂಟೆ ಕೇಳಿಸುತ್ತಿತ್ತು.

ಎರಡು ಗಂಟೆ ಇಪ್ಪತ್ತು ನಿಮಿಷ ಆದ ಮೇಲೆ ನನ್ನ ಬಾಗಿಲು ತೆರೆಯಿತು. ಸಾಮಾನ್ಯ ಟಿಕೆಟ್ 108 ಸಿಂಗಾಪುರ ಡಾಲರ್‌ನಿಂದ 348 ಡಾಲರ್‌ವರೆಗೆ ಇತ್ತು. ಕಡಿಮೆ ದರದವು ಒಂದೂ ಸಿಗಲಿಲ್ಲ. ಕ್ಲಿಕ್ ಮಾಡಿದ್ದೆಲ್ಲ ಅಷ್ಟರಲ್ಲೇ ಬೇರೆಯವರ ಪಾಲಾಗುತ್ತಿತ್ತು. ಕೊನೆಗೆ 348ರ ಎರಡು ಸೀಟು ಬುಟ್ಟಿಗೆ ಬಿತ್ತು. ಹಣ ಕಟ್ಟಲು ಹೋದೆ. ಕಾರ್ಡ್ ತಿರಸ್ಕಾರ.

ನನ್ನ ಕಾರ್ಡಿನಲ್ಲಿ ಅಂತಾರಾಷ್ಟ್ರೀಯ ಆನ್‌ಲೈನ್ ವ್ಯವಹಾರ ಆಫ್ ಆಗಿತ್ತು! ನಮ್ಮ ದೇಶದಲ್ಲಿ ಹೊಸ ಕಾರ್ಡ್‌ಗಳಿಗೆ ಅದು ಆಫ್ ಆಗಿಯೇ ಬರುತ್ತದೆ, ನಾವೇ ಆ್ಯಪ್‌ನಲ್ಲಿ ಹೋಗಿ ಆನ್ ಮಾಡಬೇಕು, ಮಿತಿಯನ್ನೂ ಏರಿಸಬೇಕು. ಗಡಿಯಾರ ಓಡುತ್ತಿತ್ತು. ಕೈ ನಡುಗುತ್ತಿದ್ದರಿಂದ ಆ್ಯಪ್‌ನ ಪಿನ್ ಎರಡು ಸಲ ತಪ್ಪು ಹೊಡೆದೆ. ಮೂರನೇ ಸಲ ಸರಿಯಾಯಿತು. ಹಣ ಹೋಯಿತು. ಖಾತ್ರಿಯ ಮೇಲ್ ಬಂದಾಗ ತಂಗಿಗೆ "ಸಿಕ್ತು ಕಣೇ" ಅಂದೆ. ಆ ಕಡೆ ಸದ್ದೇ ಇಲ್ಲ. ಒಂದು ನಿಮಿಷ ಆದ ಮೇಲೆ ಅಮ್ಮ ಫೋನ್ ತೆಗೆದುಕೊಂಡು "ಅಳ್ತಾ ಇದಾಳೆ, ಆಮೇಲೆ ಮಾಡು" ಅಂದರು.

ದಯವಿಟ್ಟು ಹಿಂದಿನ ದಿನವೇ ಆ ಕಾರ್ಡಿನಿಂದ ಹೊರದೇಶದ ಯಾವುದಾದರೂ ಸಣ್ಣ ಪಾವತಿ ಮಾಡಿ ಪರೀಕ್ಷಿಸಿ. ಇನ್ನೊಂದು ಮಾತು. ನಾನು 696 ಡಾಲರಿನ ಲೆಕ್ಕ ಹಾಕಿದ್ದೆ. ಬುಕಿಂಗ್ ಶುಲ್ಕ, ಬ್ಯಾಂಕಿನ ವಿದೇಶಿ ವಿನಿಮಯದ ಶುಲ್ಕ, ಅದರ ಮೇಲೆ ಜಿಎಸ್‌ಟಿ ಎಲ್ಲ ಸೇರಿ ಬಿಲ್ ಬಂದಿದ್ದು ಸುಮಾರು 44,500 ರೂಪಾಯಿ.

ಈಗ ನಿಜವಾದ ಕಷ್ಟದ ಕಥೆ. ತಂಗಿಗೆ ಪಾಸ್‌ಪೋರ್ಟ್ ಇರಲಿಲ್ಲ. ಜುಲೈನಲ್ಲೇ ಅರ್ಜಿ ಹಾಕಿದೆವು, ಶುಲ್ಕ 1,500 ರೂಪಾಯಿ. ಎಂಟು ತಿಂಗಳಿದೆ, ತತ್ಕಾಲ್ ಯಾಕೆ ಅಂತ ಸಾಮಾನ್ಯ ಅರ್ಜಿಯೇ ಹಾಕಿದ್ದು. ಕೇಂದ್ರಕ್ಕೆ ಹೋದ ದಿನ ಕೌಂಟರಿನಲ್ಲಿದ್ದವರು ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟರು. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಊರಿನದ್ದೊಂದು, ಅಪ್ಪನದ್ದೊಂದು ಇನಿಷಿಯಲ್. ಆಧಾರ್‌ನಲ್ಲಿ ಬರೀ ಹೆಸರು. ನಮ್ಮ ಕಡೆ ಇದು ಮನೆಮನೆಯ ಕಥೆ ಅಲ್ವಾ? ಶಾಲೆಗೆ ಸೇರಿಸುವಾಗ ಮೇಷ್ಟ್ರು ಒಂದು ತರ ಬರೆದಿರುತ್ತಾರೆ, ಆಧಾರ್ ಮಾಡಿಸುವಾಗ ಅಲ್ಲಿನ ಹುಡುಗ ಇನ್ನೊಂದು ತರ ಟೈಪ್ ಮಾಡಿರುತ್ತಾನೆ. ಯಾರೂ ಅಡ್ಡನಾಮ ಇಟ್ಟುಕೊಂಡಿರುವುದಿಲ್ಲ.

"ಎರಡೂ ಒಂದೇ ತರ ಮಾಡಿಸ್ಕೊಂಡು ಬನ್ನಿ" ಅಂತ ಹೇಳಿ ಅರ್ಜಿ ತಡೆಹಿಡಿದರು. ಅವರು ಸಿಡುಕಲಿಲ್ಲ, ಚೆನ್ನಾಗಿಯೇ ಹೇಳಿದರು. ಆದರೂ ಹೊರಗೆ ಬಂದ ಮೇಲೆ ತಂಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಧಾರ್ ತಿದ್ದುಪಡಿಗೆ ಆಗ 50 ರೂಪಾಯಿ ಇತ್ತು, ಆದರೆ ಕಾದಿದ್ದು ಮೂರು ವಾರ. ಆಮೇಲೆ ಮತ್ತೆ ಸಮಯ ತೆಗೆದುಕೊಂಡು ಮತ್ತೆ ಕೇಂದ್ರಕ್ಕೆ. ಆಮೇಲೆ ಪೊಲೀಸ್ ಪರಿಶೀಲನೆ. ಠಾಣೆಯಿಂದ ಫೋನ್ ಬಂದಾಗ ತಂಗಿ ಕಾಲೇಜಿನಲ್ಲಿದ್ದಳು, ಫೋನ್ ತೆಗೆಯಲಿಲ್ಲ. ಮತ್ತೆ ನಾಲ್ಕು ದಿನ ಹೋಯಿತು. ಅರ್ಜಿ ಹಾಕಿದ ಮೇಲೆ ಗುರುತಿಲ್ಲದ ನಂಬರಿನ ಕರೆಯನ್ನೂ ತೆಗೆಯಿರಿ. ಅಕ್ಕಪಕ್ಕದ ಇಬ್ಬರ ಆಧಾರ್ ಪ್ರತಿ ಮೊದಲೇ ತೆಗೆದಿಟ್ಟುಕೊಂಡಿರಿ, ನಮ್ಮ ಹತ್ತಿರ ಕೇಳಿದರು. ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಕೈಗೆ ಬಂದಾಗ ಅಕ್ಟೋಬರ್ ಎರಡನೇ ವಾರ.

ಅಷ್ಟರಲ್ಲಿ ನಾನೊಂದು ತಪ್ಪು ಮಾಡಿದ್ದೆ. ವಿಮಾನದ ದರ ದಿನಾ ಏರುತ್ತಿತ್ತು. ಆರು ದಿನದ ಕಾರ್ಯಕ್ರಮಕ್ಕೆ ಇಡೀ ಏಷ್ಯಾವೇ ಸಿಂಗಾಪುರಕ್ಕೆ ಹೊರಟಿತ್ತು. ಗಾಬರಿಯಾಗಿ ಸೆಪ್ಟೆಂಬರಿನಲ್ಲೇ ಇಬ್ಬರಿಗೂ ಟಿಕೆಟ್ ಕಾಯ್ದಿರಿಸಿದೆ, ಹೋಗಿ ಬರಲು ತಲಾ 27,000 ರೂಪಾಯಿ. ಫಾರ್ಮಿನಲ್ಲಿ ಕೊನೆಯ ಹೆಸರು ಬಿಟ್ಟರೆ ಮುಂದಕ್ಕೇ ಹೋಗುತ್ತಿರಲಿಲ್ಲ. ತಂಗಿಗೆ ಅಪ್ಪನ ಹೆಸರು ಹಾಕಿದೆ. ಪಾಸ್‌ಪೋರ್ಟ್ ಬಂದಾಗ ನೋಡಿದರೆ ಅಡ್ಡನಾಮದ ಜಾಗ ಖಾಲಿ, ಅವಳ ಹೆಸರೊಂದೇ ಇದೆ. ಟಿಕೆಟ್‌ನಲ್ಲಿ ಒಂದು ಹೆಸರು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು.

ಇದನ್ನು ಸರಿಪಡಿಸಲು ವಿಮಾನ ಕಂಪನಿಗೆ ಐದು ಸಲ ಫೋನ್ ಮಾಡಿದೆ. ಒಬ್ಬರು ಆಗುತ್ತೆ ಅಂದರು, ಇನ್ನೊಬ್ಬರು ಟಿಕೆಟ್ ರದ್ದು ಮಾಡಿ ಅಂದರು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕೊನೆಗೆ ಪಾಸ್‌ಪೋರ್ಟ್ ಪ್ರತಿ ಮೇಲ್ ಮಾಡಿ, 3,000 ರೂಪಾಯಿ ಕಟ್ಟಿದ ಮೇಲೆ ಅವಳ ಹೆಸರನ್ನೇ ಎರಡೂ ಕಡೆ ಬರೆದು ತಿದ್ದಿಕೊಟ್ಟರು. ಪಾಸ್‌ಪೋರ್ಟ್ ಕೈಗೆ ಬರುವ ತನಕ ವಿಮಾನದ ಟಿಕೆಟ್ ಮುಟ್ಟಬೇಡಿ. ಎರಡು ಸಾವಿರ ಜಾಸ್ತಿ ಆದರೂ ಪರವಾಗಿಲ್ಲ. ಇನ್ನೂ ಅರ್ಜಿಯನ್ನೇ ಹಾಕಿಲ್ಲದವರು ಇನಿಷಿಯಲ್ ಅನ್ನು ಪೂರ್ತಿ ಹೆಸರಾಗಿ ಬರೆಸಿ ಅಡ್ಡನಾಮದ ಜಾಗ ತುಂಬಿಸಿಕೊಳ್ಳುವುದೇ ಒಳ್ಳೆಯದು, ದಾಖಲೆಗಳು ಅದಕ್ಕೆ ಹೊಂದಿದರೆ. ಸಿಂಗಾಪುರಕ್ಕೆ ಒಂದೇ ಹೆಸರಿದ್ದರೂ ನಡೆಯಿತು. ಆದರೆ 2022ರ ನವೆಂಬರಿನಲ್ಲಿ ಯುಎಇ, ಪ್ರವಾಸಿಗಳ ಒಂಟಿ ಹೆಸರಿನ ಪಾಸ್‌ಪೋರ್ಟ್ ಒಪ್ಪುವುದಿಲ್ಲ ಅಂತ ನಿಯಮ ತಂದಿತು. ಯುರೋಪಿಗೆ ದುಬೈ ಮೇಲೆ ಹೋಗುವವರು, ನಡುವೆ ಅಲ್ಲಿ ಇಳಿದು ಊರು ನೋಡುವ ಯೋಚನೆ ಇದ್ದರೆ ಇದನ್ನು ನೆನಪಿಡಿ.

ವೀಸಾಕ್ಕೆ ನಾವು ನೇರವಾಗಿ ಅರ್ಜಿ ಹಾಕಲಿಲ್ಲ, ಮಾನ್ಯತೆ ಇರುವ ಏಜೆಂಟರ ಮೂಲಕ ಹಾಕಿದೆವು. ವೀಸಾ ಶುಲ್ಕ 30 ಸಿಂಗಾಪುರ ಡಾಲರ್, ಸಿಗದಿದ್ದರೂ ವಾಪಸ್ ಇಲ್ಲ. ಏಜೆಂಟರದ್ದೂ ಸೇರಿ ತಲಾ 2,900 ರೂಪಾಯಿ ಆಯಿತು. 14ಎ ಅಂತ ಒಂದು ಫಾರ್ಮ್, ಪಾಸ್‌ಪೋರ್ಟ್, ಫೋಟೋ, ವಿಮಾನದ ಟಿಕೆಟ್, ಉಳಿಯುವ ಜಾಗದ ವಿವರ, ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನ ರಜೆ ಪತ್ರ. ತಂಗಿಗೆ ಕಾಲೇಜಿನ ವ್ಯಾಸಂಗ ಪತ್ರ ಮತ್ತು ಖರ್ಚು ನಾನು ನೋಡಿಕೊಳ್ಳುತ್ತೇನೆ ಅಂತ ಅಪ್ಪ ಸಹಿ ಮಾಡಿದ ಪತ್ರ. ಅಪ್ಪ ಅದನ್ನು ಮೊದಲು ಬಿಳಿ ಹಾಳೆ ಮೇಲೆ ಕನ್ನಡದಲ್ಲಿ ಬರೆದಿದ್ದರು. "ನನ್ನ ಎರಡನೇ ಮಗಳು ಸಂಗೀತ ಕಾರ್ಯಕ್ರಮ ನೋಡಲು ಹೋಗುತ್ತಿದ್ದು" ಅಂತ ಶುರುವಾಗುತ್ತಿತ್ತು. ನಾನು ಅದನ್ನು ಇಂಗ್ಲಿಷಿಗೆ ಮಾಡಿ ಟೈಪ್ ಮಾಡಿಸಿದೆ. ಆ ಹಾಳೆಯನ್ನು ಮಾತ್ರ ನಾನೇ ಇಟ್ಟುಕೊಂಡಿದ್ದೇನೆ.

ಫೋಟೋ ವಿಷಯದಲ್ಲಿ ಒಂದು ಸಲ ವಾಪಸ್ ಬಂತು. 35 ಮಿಲಿಮೀಟರ್ ಅಗಲ, 45 ಎತ್ತರ, ಹಿಂದೆ ಬಿಳಿ ಬಣ್ಣ ಇರಬೇಕು. ಸ್ಟುಡಿಯೋದವರು ರೂಢಿಯಂತೆ ತಿಳಿ ನೀಲಿ ಹಾಕಿಕೊಟ್ಟಿದ್ದರು. ಮತ್ತೆ ತೆಗೆಸಿದೆವು.

ಪ್ರಯಾಣದ ತಿಂಗಳೊಳಗೆ ಅರ್ಜಿ ಹಾಕಿ ಅಂತ ಏಜೆಂಟರು ಹೇಳಿದ್ದರಿಂದ ಫೆಬ್ರವರಿ ಮೊದಲ ವಾರ ಕೊಟ್ಟೆವು. ನನ್ನ ವೀಸಾ ನಾಲ್ಕನೇ ದಿನ ಬಂತು. ತಂಗಿಯದ್ದು ಬರಲಿಲ್ಲ. ದಿನಾ ಬೆಳಿಗ್ಗೆ ಎದ್ದು ನೋಡಿದರೆ "ಪರಿಶೀಲನೆಯಲ್ಲಿದೆ". ಹತ್ತು ದಿನ ಅದೇ. ಯಾಕೆ ಅಂತ ಕೇಳಲು ಯಾರೂ ಇಲ್ಲ. ಆ ದಿನಗಳಲ್ಲೇ ಟೇಲರ್ ಟೋಕಿಯೋದಲ್ಲಿ, ಆಮೇಲೆ ಮೆಲ್ಬರ್ನ್‌ನಲ್ಲಿ ಹಾಡುತ್ತಿದ್ದಳು. ಅವಳು ಹತ್ತಿರ ಬರುತ್ತಿದ್ದಳು, ನಮ್ಮ ಕಾಗದ ಬರುತ್ತಿರಲಿಲ್ಲ. ತಂಗಿ ಒಂದು ಸಂಜೆ ಫೋನ್ ಮಾಡಿ, "ಅಕ್ಕಾ, ನಂಗೆ ಬರ್ಲಿಲ್ಲ ಅಂದ್ರೆ ನೀನು ಹೋಗು. ಅವಳ ಪಿಯಾನೋ ಹಾಡು ಬಂದಾಗ ವಿಡಿಯೋ ಕಾಲ್ ಮಾಡು" ಅಂದಳು. ನೀನಿಲ್ಲದೆ ನಾನು ಹೋಗಲ್ಲ ಅಂದೆ. ಫೋನ್ ಇಟ್ಟ ಮೇಲೆ ನಾನೂ ಅತ್ತೆ. ಫೆಬ್ರವರಿ 20ಕ್ಕೆ ಬಂತು.

ಆ ಕಾಯುವ ದಿನಗಳಲ್ಲಿ ತಂಗಿ ಮಣಿ ಪೋಣಿಸುತ್ತಿದ್ದಳು. ಈ ಟೂರ್‌ನಲ್ಲಿ ಅಭಿಮಾನಿಗಳು ಮಣಿಯ ಕೈಬಳೆ ಮಾಡಿಕೊಂಡು ಬಂದು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವುದು ಪದ್ಧತಿಯಾಗಿಬಿಟ್ಟಿತ್ತು. ಬೆಂಗಳೂರಿಗೆ ಬಂದಾಗ ಚಿಕ್ಕಪೇಟೆಯಲ್ಲಿ ಮಣಿ, ಎಲಾಸ್ಟಿಕ್ ದಾರ ಕೊಂಡಿದ್ದೆವು. ಇಂಗ್ಲಿಷ್ ಅಕ್ಷರದ ಮಣಿ ಸಿಕ್ಕಿತು, ಕನ್ನಡದ್ದು ಎಲ್ಲೂ ಇಲ್ಲ. ತಂಗಿ ಬಿಳಿ ಮಣಿ ತೆಗೆದುಕೊಂಡು, ಸಣ್ಣ ಮೊನೆಯ ಮಾರ್ಕರಿನಲ್ಲಿ ಒಂದು ಮಣಿ ಮೇಲೆ ೧, ಇನ್ನೊಂದರ ಮೇಲೆ ೩ ಬರೆದಳು. ಹದಿಮೂರು ಟೇಲರ್‌ಳ ಅದೃಷ್ಟದ ಸಂಖ್ಯೆ. ಬೆವರಿಗೆ ಅಳಿಸದಿರಲಿ ಅಂತ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ, ಬೆಂಕಿಕಡ್ಡಿಗೆ ಸಿಕ್ಕಿಸಿ ಕಿಟಕಿಯಲ್ಲಿ ಒಣಗಿಸುತ್ತಿದ್ದಳು. ಒಟ್ಟು ಅರವತ್ತು ಬಳೆ. ಅದರಲ್ಲಿ ೧೩ ಇರುವುದು ಹದಿಮೂರು.

ಹೊರಡುವ ಮುಂಚೆ ಎಸ್‌ಜಿ ಅರೈವಲ್ ಕಾರ್ಡ್ ಅಂತ ಒಂದನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಅಲ್ಲಿ ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ. ಅದು ಉಚಿತ. ಹುಡುಕಿದರೆ ದುಡ್ಡು ಕೇಳುವ ಸೈಟ್‌ಗಳೂ ಬರುತ್ತವೆ, ಅಲ್ಲಿನ ವಲಸೆ ಇಲಾಖೆಯ ಸೈಟ್‌ಗೇ ಹೋಗಿ.

ಮಾರ್ಚ್ 1ರ ರಾತ್ರಿ ಹೊರಟು ಬೆಳಿಗ್ಗೆ ಚಾಂಗಿಯಲ್ಲಿ ಇಳಿದೆವು. ನಾಲ್ಕೂವರೆ ಗಂಟೆಯ ಪ್ರಯಾಣ. ಉಳಿದಿದ್ದು ಲಿಟಲ್ ಇಂಡಿಯಾದ ಒಂದು ಹಾಸ್ಟೆಲ್‌ನಲ್ಲಿ, ಒಂದು ಮಂಚಕ್ಕೆ ರಾತ್ರಿಗೆ 75 ಡಾಲರ್. ಆ ವಾರ ಎಲ್ಲ ಕಡೆ ದರ ಏರಿತ್ತು. ಮೆಟ್ರೋಗೆ ಬೇರೆ ಟಿಕೆಟ್ ಬೇಡ, ತಟ್ಟಿ ಹಣ ಕೊಡುವ ನಮ್ಮ ಕಾರ್ಡೇ ನಡೆಯುತ್ತದೆ. ಸೆರಂಗೂನ್ ರಸ್ತೆಯ ಕೋಮಳ ವಿಲಾಸದಲ್ಲಿ ದೋಸೆ ತಿಂದ ಮೇಲೆ ಇಬ್ಬರಿಗೂ ಸ್ವಲ್ಪ ಜೀವ ಬಂತು.

ಭಾನುವಾರ ಮಧ್ಯಾಹ್ನ ಎರಡಕ್ಕೇ ಸ್ಟೇಡಿಯಂ ಹತ್ತಿರ ಹೋದೆವು. ಪ್ರೊಮೆನೇಡ್‌ನಲ್ಲಿ ರೈಲು ಬದಲಿಸಿದರೆ ಎರಡನೇ ನಿಲ್ದಾಣದ ಹೆಸರೇ ಸ್ಟೇಡಿಯಂ. ಸೆಖೆ ಅಂದರೆ ಮಂಗಳೂರಿನ ಏಪ್ರಿಲ್ ಸೆಖೆ. ಟೀ ಶರ್ಟ್ ಅಂಗಡಿಯ ಸಾಲು ನೋಡಿ ಅದರ ಆಸೆ ಬಿಟ್ಟೆವು. ಫಿಲಿಪ್ಪೀನ್ಸ್, ಥಾಯ್ಲೆಂಡ್, ಇಂಡೋನೇಷ್ಯಾ, ಮಲೇಷ್ಯಾ, ಎಲ್ಲಿಂದಲೋ ಬಂದವರು. ಮನಿಲಾದ ಒಬ್ಬ ಹುಡುಗಿ ತಂಗಿಯ ಕೈಯಲ್ಲಿದ್ದ ೧೩ ನೋಡಿ ಇದೇನು ಚಿತ್ರ ಅಂತ ಕೇಳಿದಳು. ತಂಗಿ, ಮಾತೇ ಆಡದ ನನ್ನ ತಂಗಿ, ಅಲ್ಲೇ ನಿಂತು ಅವಳ ಅಂಗೈ ಮೇಲೆ ಬೆರಳಿನಲ್ಲಿ ಒಂದರಿಂದ ಹತ್ತರವರೆಗೆ ಕನ್ನಡದ ಅಂಕಿ ಬರೆದು ತೋರಿಸಿದಳು. ಸುತ್ತ ಏಳೆಂಟು ಜನ ಸೇರಿದರು. ೧೩ರ ಬಳೆಗಳು ಅರ್ಧ ಗಂಟೆಯಲ್ಲಿ ಖಾಲಿಯಾಗುತ್ತಾ ಬಂದವು.

ಗೇಟಿನಲ್ಲಿ ನಮ್ಮ ಮುಂದೆ ಇದ್ದ ಒಬ್ಬಳ ಟಿಕೆಟ್ ಸ್ಕ್ಯಾನ್ ಆಗಲಿಲ್ಲ. ಯಾರಿಂದಲೋ ಆನ್‌ಲೈನ್‌ನಲ್ಲಿ ಕೊಂಡಿದ್ದಳಂತೆ. ಅವಳನ್ನು ಪಕ್ಕಕ್ಕೆ ಕರೆದುಕೊಂಡು ಹೋದರು. ಅವಳ ಮುಖ ಇನ್ನೂ ಕಣ್ಣ ಮುಂದಿದೆ. ಪರಿಚಯ ಇಲ್ಲದವರಿಂದ ಟಿಕೆಟ್ ಕೊಳ್ಳಬೇಡಿ, ಎಷ್ಟೇ ಆಸೆ ಇರಲಿ. ಟಿಕೆಟ್ ಇಲ್ಲದವರು ಸ್ಟೇಡಿಯಂ ಹೊರಗಿನ ಮೆಟ್ಟಿಲ ಮೇಲೆ, ಹುಲ್ಲಿನ ಮೇಲೆ ಕೂತು ಒಳಗಿನ ಹಾಡಿಗೆ ದನಿಗೂಡಿಸುತ್ತಿದ್ದರು. ಅದೂ ಒಂದು ದಾರಿ, ದುಡ್ಡಿಲ್ಲದೆ.

ಮೊದಲು ಸಬ್ರಿನಾ ಕಾರ್ಪೆಂಟರ್ ಹಾಡಿದಳು. ಆಮೇಲೆ ಪರದೆ ಮೇಲೆ ಗಡಿಯಾರ ಹಿಂದಕ್ಕೆ ಎಣಿಸತೊಡಗಿತು. ತಂಗಿ ನನ್ನ ಕೈ ಹಿಡಿದ ಬಿಗಿಗೆ ಉಗುರಿನ ಗುರುತು ಬಿತ್ತು. ಟೇಲರ್ ಬಂದ ಮೇಲಿನ ಮೂರು ಗಂಟೆಯನ್ನು ನಾನು ಬರೆದು ತೋರಿಸಲಾರೆ. ಒಬ್ಬೊಬ್ಬರ ಕೈಗೂ ಕೊಟ್ಟಿದ್ದ ದೀಪದ ಪಟ್ಟಿ ಹಾಡಿಗೆ ತಕ್ಕಂತೆ ಬಣ್ಣ ಬದಲಿಸುತ್ತಿತ್ತು, ಅಷ್ಟು ದೊಡ್ಡ ಸ್ಟೇಡಿಯಂ ಉಸಿರಾಡಿದ ಹಾಗೆ. ಆ ವರ್ಷದ ಏಪ್ರಿಲ್ 19ಕ್ಕೆ ಅವಳ ಹೊಸ ಆಲ್ಬಮ್ ಬರುವುದಿತ್ತಲ್ಲ, ಅದರ ಇನ್ನೊಂದು ಆವೃತ್ತಿಯನ್ನು ಅವಳು ಘೋಷಿಸಿದ್ದು ನಮ್ಮ ರಾತ್ರಿಯೇ.

ಪ್ರತಿ ರಾತ್ರಿ ಅವಳು ಪಟ್ಟಿಯಲ್ಲಿ ಇಲ್ಲದ ಹಾಡುಗಳನ್ನು ಗಿಟಾರ್, ಪಿಯಾನೋ ಹಿಡಿದು ಒಬ್ಬಳೇ ಹಾಡುತ್ತಿದ್ದಳು. ಯಾವುದು ಅಂತ ಮೊದಲೇ ಗೊತ್ತಿರುತ್ತಿರಲಿಲ್ಲ. ಆ ರಾತ್ರಿ ಪಿಯಾನೋ ಮುಂದೆ ಕೂತು 2014ರ ಆಲ್ಬಮ್ಮಿನ ಒಂದು ಹಾಡನ್ನು 2020ರ ಡಿಸೆಂಬರಿನ ಆಲ್ಬಮ್ಮಿನ ಹಾಡಿನ ಜೊತೆ ಸೇರಿಸಿ ಹಾಡಿದಳು. ಎರಡನೆಯದು ತಂಗಿಯ ನೋಟ್‌ಬುಕ್ಕಿನಲ್ಲಿತ್ತು. ತಂಗಿ ಹಾಡಲಿಲ್ಲ, ಕೂಗಲಿಲ್ಲ. ಕಣ್ಣೀರು ಸುರಿಸುತ್ತಾ ನೆಟ್ಟಗೆ ನಿಂತಿದ್ದಳು. ನಾನು ವೇದಿಕೆ ಬಿಟ್ಟು ಅವಳನ್ನೇ ನೋಡುತ್ತಿದ್ದೆ.

ಮುಗಿದ ಮೇಲೆ ಮೆಟ್ರೋಗೆ ಹೋಗಲು ಅವಸರ ಮಾಡಬೇಡಿ. ಸಾಲು ಶಿಸ್ತಾಗಿಯೇ ಹೋಗುತ್ತದೆ, ಆದರೆ ನಿಧಾನ. ಕಾಲಿನಲ್ಲಿ ಶಕ್ತಿ ಇದ್ದರೆ ಕಲ್ಲಾಂಗ್ ನಿಲ್ದಾಣದವರೆಗೆ ನಡೆದುಬಿಡಿ. ನಾವು ಹಾಗೇ ಮಾಡಿದೆವು. ಒಂದು ಬಾಟಲಿ ನೀರು, ಸವೆದ ಚಪ್ಪಲಿ ಬೇಡ, ಒಳ್ಳೆಯ ಶೂ, ಫೋನಿಗೆ ಪವರ್ ಬ್ಯಾಂಕ್, ಇವು ಇರಲಿ.

ಮಾರ್ಚ್ 5ರ ಬೆಳಿಗ್ಗೆ ಬೆಂಗಳೂರಿಗೆ ಇಳಿದೆವು. ಟೇಲರ್ ಈ ಭಾಗದಲ್ಲಿ ಸಿಂಗಾಪುರದಲ್ಲಿ ಮಾತ್ರ ಹಾಡುವಂತೆ ಒಪ್ಪಂದ ಮಾಡಿಕೊಂಡು ಪ್ರೋತ್ಸಾಹ ಧನ ಕೊಟ್ಟಿದ್ದು ನಿಜ ಅಂತ ಅವತ್ತೇ ಅಲ್ಲಿನ ಆಗಿನ ಪ್ರಧಾನಿ ಲೀ ಸಿಯೆನ್ ಲೂಂಗ್ ಹೇಳಿದರು. ನೆರೆಯ ದೇಶಗಳಿಗೆ ಬೇಸರವಾಯಿತು. ನನಗೂ ಆಯಿತು. ಮನಿಲಾದ ಆ ಹುಡುಗಿಯೂ ನಮ್ಮ ಹಾಗೇ ದುಡ್ಡು ಕೂಡಿಸಿಕೊಂಡು ಬಂದಿದ್ದಳು.

ಖರ್ಚಿನ ಲೆಕ್ಕ ಕೇಳುವವರಿಗೆ: ಕಾರ್ಯಕ್ರಮದ ಟಿಕೆಟ್ 44,500, ವಿಮಾನ ತಿದ್ದುಪಡಿ ಸೇರಿ 57,000, ವೀಸಾ 5,800, ಪಾಸ್‌ಪೋರ್ಟ್ 1,500, ಎರಡು ರಾತ್ರಿ ವಾಸ್ತವ್ಯ 18,600, ಊಟ ಓಡಾಟ 11,000, ಪ್ರಯಾಣ ವಿಮೆ 1,200. ಇಬ್ಬರಿಗೂ ಸೇರಿ 1 ಲಕ್ಷ 40 ಸಾವಿರಕ್ಕೆ ಹತ್ತಿರ. ನಾನು ಒಂದೂವರೆ ವರ್ಷ ಕೂಡಿಟ್ಟಿದ್ದು.  ಮುಂದೆ ಹೊರದೇಶದ ಕಾರ್ಯಕ್ರಮಕ್ಕೆ ಟಿಕೆಟ್ ಇರುವವರು ಇವತ್ತೇ ಎದ್ದು ನಿಮ್ಮ ಆಧಾರ್, ಅಂಕಪಟ್ಟಿ, ಪಾಸ್‌ಪೋರ್ಟ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಓದಿಕೊಳ್ಳಿ. ಫ್ರಾನ್ಸ್‌ನಂಥ ಯುರೋಪಿನ ದೇಶಗಳಿಗೆ ಬೇಕಾಗುವ ಷೆಂಗೆನ್ ವೀಸಾಕ್ಕೆ ಬೆರಳಚ್ಚು ಕೊಡಲು ಸಮಯ ಸಿಗುವುದೇ ಕಷ್ಟ, ತಡ ಮಾಡಬೇಡಿ.

೧೩ರ ಬಳೆಗಳಲ್ಲಿ ಒಂದು ಉಳಿದಿತ್ತು. ತಂಗಿ ಅದನ್ನು ಹಾಸನಕ್ಕೆ ವಾಪಸ್ ತಂದಳು. ಈಗ ಅದು ಅಪ್ಪನ ಸ್ಕೂಟರಿನ ಕೀಗೆ ಕಟ್ಟಿದೆ.